ಸ್ಪೀಡ್ ಗನ್ ನೋಟಿಸ್: ವೇ ಬ್ರಿಡ್ಜ್ ಮಾಲೀಕನ ವಿಮರ್ಶೆ

ಐದಕ್ಕೆ ಮೂರು ನಕ್ಷತ್ರ. ರಸ್ತೆಬದಿಯಲ್ಲಿ ನಿಂತು ವೇಗ ಅಳೆದು ಮನೆಗೆ ದಂಡದ ನೋಟಿಸ್ ಕಳಿಸುವ ಪೊಲೀಸ್ ವ್ಯವಸ್ಥೆಗೆ ಹೋಟೆಲಿಗೆ ಕೊಟ್ಟಂತೆ ನಕ್ಷತ್ರ ಕೊಡುವುದು ಅಧಿಕಪ್ರಸಂಗ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಸಾವಿರ ರೂಪಾಯಿ ಕೊಟ್ಟಿದ್ದೇನೆ. ಗಂಗಾವತಿಯ ಯಾವ ಹೋಟೆಲಿನಲ್ಲೂ ಒಂದು ಹೊತ್ತಿಗೆ ಅಷ್ಟು ಬಿಲ್ಲು ಕಟ್ಟಿದವನಲ್ಲ ನಾನು.

ನನ್ನದು ಗಂಗಾವತಿ–ಕಾರಟಗಿ ರಸ್ತೆಯಲ್ಲಿ 60 ಟನ್ನಿನ ವೇ ಬ್ರಿಡ್ಜ್, ಅಂದರೆ ಗಾಡಿಯನ್ನು ಲೋಡಿನ ಸಮೇತ ತೂಗುವ ವೇದಿಕೆ. ಸುಗ್ಗಿಯಲ್ಲಿ ಭತ್ತದ ಲಾರಿ, ಟ್ರ್ಯಾಕ್ಟರುಗಳು ರಾತ್ರಿಯೆಲ್ಲ ಸಾಲುಗಟ್ಟಿ ನಿಲ್ಲುತ್ತವೆ. ಒಂದು ಲೋಡಿನಲ್ಲಿ ಅರ್ಧ ಕ್ವಿಂಟಲ್ ಆಚೀಚೆಯಾದರೆ ರೈತನೂ ಬಿಡುವುದಿಲ್ಲ, ಮಿಲ್ಲಿನವನೂ ಬಿಡುವುದಿಲ್ಲ. ವರ್ಷಕ್ಕೊಮ್ಮೆ ತೂಕ, ಅಳತೆಗಳನ್ನು ಪರಿಶೀಲಿಸುವ ಕಾನೂನು ಮಾಪನಶಾಸ್ತ್ರ ಇಲಾಖೆಯ ನಿರೀಕ್ಷಕರು ಬಂದು, ಪರೀಕ್ಷೆಯ ತೂಕದ ಕಲ್ಲುಗಳನ್ನು ವೇದಿಕೆಯ ಮೂಲೆಮೂಲೆಯಲ್ಲಿ ಇಡಿಸಿ ನೋಡಿ, ಎಲ್ಲ ಸರಿಯಿದ್ದರೆ ಮುದ್ರೆ ಒತ್ತುತ್ತಾರೆ. ಆ ಮುದ್ರೆಯಲ್ಲಿ ವರ್ಷ ಇರುತ್ತದೆ, ವರ್ಷದ ಯಾವ ಮೂರು ತಿಂಗಳು ಎಂದು ಹೇಳುವ ಅಕ್ಷರವೂ ಇರುತ್ತದೆ. ಹತ್ತು ಹತ್ತು ಕೆ.ಜಿ. ಲೆಕ್ಕದಲ್ಲಿ ತೋರಿಸುವ ನನ್ನ ಯಂತ್ರ 30 ಟನ್ ಭಾರಕ್ಕೆ ಸತ್ಯಾಪನೆ ಎನ್ನುವ ಈ ಪರೀಕ್ಷೆಯ ವೇಳೆ 15 ಕೆ.ಜಿ.ಗಿಂತ ಹೆಚ್ಚು ತಪ್ಪುವಂತಿಲ್ಲ. ಪ್ರಮಾಣಪತ್ರವನ್ನು ಗಿರಾಕಿಯ ಕಣ್ಣಿಗೆ ಬೀಳುವ ಕಡೆ ಹಾಕಬೇಕು. ಕಿಟಕಿಯ ಪಕ್ಕದಲ್ಲೇ ಹಾಕಿದ್ದೇನೆ. ಅದನ್ನು ಓದಿದ ಮೇಲೆಯೇ ಟ್ರ್ಯಾಕ್ಟರ್ ಹತ್ತಿಸುವ ರೈತರೂ ಇದ್ದಾರೆ, ಅವರ ಮೇಲೆ ನನಗೆ ಗೌರವ. ಇಂಥ ಕೆಲಸ ಮಾಡುವವನಿಗೆ ಇನ್ನೊಬ್ಬರ ಯಂತ್ರ ಅಳೆದ ಅಂಕಿ ಬಂದರೆ ಅವನು ಮೊದಲು ಹುಡುಕುವುದು ಮುದ್ರೆಯನ್ನೇ.

ಅಂಕಿ ಬಂದದ್ದು ನನ್ನ ಮೊಬೈಲಿಗೆ. ಕಾರು ನನ್ನ ಹೆಸರಿನಲ್ಲಿದೆ, ಓಡಿಸಿದವನು ಮಗ. ಕಾರಟಗಿ ದಾಟಿ ಸಿಂಧನೂರಿನ ಕಡೆಗೆ ಹೋಗುವಾಗ ಗಂಟೆಗೆ 84 ಕಿ.ಮೀ., ಅಲ್ಲಿಯ ಮಿತಿ 70. ಅವನನ್ನು ಕರೆದು ತೋರಿಸಿದರೆ, "ಅಪ್ಪಾ, ಕಾರಿಗೆ ನೂರರ ತನಕ ಬಿಡುತ್ತಾರಲ್ಲವೇ?" ಎಂದ. ನಮ್ಮ ಕಡೆ ಬಹಳ ಜನ ಹಾಗೆಯೇ ತಿಳಿದಿದ್ದಾರೆ, ಹಾಗಾಗಿ ಬಿಡಿಸಿ ಬರೆಯುತ್ತೇನೆ. ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ ಕಾರಿಗೆ 100 ಸಿಗುವುದು ನಡುವೆ ವಿಭಜಕವಿರುವ ನಾಲ್ಕು ಪಥದ ರಸ್ತೆಯಲ್ಲಿ ಮಾತ್ರ, ಅಂದರೆ ಕುಷ್ಟಗಿ ಕಡೆಯಿಂದ ಹೊಸಪೇಟೆಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 50ರಂಥ ಕಡೆ. ವಿಭಜಕವಿಲ್ಲದ ಮಾಮೂಲಿ ರಸ್ತೆಗೆ ಬಂದರೆ ಕಾರಿಗೆ 70, ಬೈಕಿಗೂ ಸರಕಿನ ಗಾಡಿಗೂ 60. ಇದು ಗರಿಷ್ಠ ಮಿತಿ. ರಾಜ್ಯ ಸರ್ಕಾರ ಬೇಕೆಂದ ಕಡೆ ಇನ್ನೂ ಇಳಿಸಿ ಫಲಕ ಹಾಕಬಹುದು. ದಂಡ ಮೋಟಾರು ವಾಹನ ಕಾಯ್ದೆಯ 183ನೇ ಕಲಮಿನಡಿ: ಲಘು ವಾಹನಕ್ಕೆ 1,000ದಿಂದ 2,000, ಮಧ್ಯಮ ಮತ್ತು ಭಾರಿ ವಾಹನಕ್ಕೆ 2,000ದಿಂದ 4,000 ರೂಪಾಯಿ. ಎರಡನೇ ಬಾರಿ ಸಿಕ್ಕಿಬಿದ್ದರೆ ಚಾಲನಾ ಪರವಾನಗಿಗೇ ಕುತ್ತು.

ಆ ರಸ್ತೆಯಲ್ಲಿ ವೇಗ ಅಳೆಯಲೇಬೇಕು. ಇದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಕೊಯ್ಲಿನ ಕಾಲದಲ್ಲಿ ಸಿಂಧನೂರಿನ ತನಕ ಹೋಗಿ ನೋಡಿ. ರಸ್ತೆಯ ಒಂದು ಬದಿಯಲ್ಲಿ ಭತ್ತ ಹರವಿರುತ್ತಾರೆ, ಅದು ಹಾರಿಹೋಗದಂತೆ ಅಂಚಿಗೆ ಕಲ್ಲು ಜೋಡಿಸಿರುತ್ತಾರೆ. ಎದುರಿನಿಂದ ರಸ್ತೆಯ ಅಗಲವೆಲ್ಲ ತನ್ನದೇ ಎನ್ನುವಂತೆ ಕೊಯ್ಲಿನ ಯಂತ್ರ ಬರುತ್ತದೆ. ಕತ್ತಲಾದ ಮೇಲೆ ಹಿಂದೆ ಒಂದು ಕೆಂಪು ದೀಪವೂ ಇಲ್ಲದ ಟ್ರೇಲರುಗಳು. ಕಾಲುವೆಯ ಸೇತುವೆಗಳ ಬಳಿ ರಸ್ತೆ ದಿಢೀರನೆ ಏರಿ ಇಳಿಯುತ್ತದೆ, ಆಚೆ ಏನಿದೆ ಎಂದು ತುದಿ ತಲುಪುವ ತನಕ ಕಾಣುವುದಿಲ್ಲ. ಅಂಥ ಕಡೆ 84ರಲ್ಲಿ ಹೋದವನಿಗೆ ಸಾವಿರ ರೂಪಾಯಿ ಹೆಚ್ಚಲ್ಲ ಎಂದು ಮಗನಿಗೂ ಹೇಳಿದ್ದೇನೆ, ಆ ಹಣವನ್ನು ಅವನ ಲೆಕ್ಕಕ್ಕೇ ಬರೆದಿದ್ದೇನೆ.

ಈಗ ಯಂತ್ರದ ವಿಚಾರ. ಊರಿನಲ್ಲಿ ಎಲ್ಲವನ್ನೂ ರಾಡಾರ್ ಎನ್ನುತ್ತಾರೆ, ಆದರೆ ಯಂತ್ರಗಳು ಎರಡು ಬಗೆ. ನಿಜವಾದ ರಾಡಾರ್ ರೇಡಿಯೊ ಅಲೆ ಬಿಡುತ್ತದೆ. ಓಡುವ ಗಾಡಿಗೆ ಬಡಿದು ಮರಳುವ ಅಲೆಯ ಕಂಪನಾಂಕ ಗಾಡಿಯ ವೇಗಕ್ಕೆ ತಕ್ಕಂತೆ ಬದಲಾಗಿರುತ್ತದೆ. 24 ಗಿಗಾಹರ್ಟ್ಸ್‌ನ ರಾಡಾರಿನಲ್ಲಿ ಗಂಟೆಗೆ ಒಂದು ಕಿ.ಮೀ. ವೇಗ ಎಂದರೆ ಸುಮಾರು 45 ಹರ್ಟ್ಸ್ ವ್ಯತ್ಯಾಸ. ಲೆಕ್ಕ ಚೊಕ್ಕ, ತೊಂದರೆ ಅಲೆಯ ಹರವಿನಲ್ಲಿ. ಇನ್ನೂರು ಮೀಟರ್ ಮುಂದೆ ಅದು ರಸ್ತೆಯನ್ನೇ ಮೀರಿ ಹರಡಿಕೊಂಡಿರುತ್ತದೆ. ಪಕ್ಕದಲ್ಲಿ ಟಿಪ್ಪರ್ ಇದ್ದರೆ ದೊಡ್ಡ ಮೈಯ ಟಿಪ್ಪರಿನ ಪ್ರತಿಧ್ವನಿಯೇ ಜೋರು. ಯಾವುದರ ವೇಗ ಯಾರ ತಲೆಗೆ ಬಂತು ಎಂಬ ಜಗಳ ಅಲ್ಲಿ ಹುಟ್ಟುತ್ತದೆ. ಲೇಸರ್ ಗನ್ ಹಾಗಲ್ಲ. ಬೆಳಕಿನ ಮಿಡಿತಗಳನ್ನು ಬಿಟ್ಟು, ಒಂದೊಂದೂ ಹೋಗಿ ಬರಲು ಹಿಡಿದ ಸಮಯದಿಂದ ದೂರ ಲೆಕ್ಕ ಹಾಕಿ, ದೂರ ಎಷ್ಟು ಬೇಗ ಕಡಿಮೆಯಾಗುತ್ತಿದೆ ಎಂದು ವೇಗ ಹೇಳುತ್ತದೆ. ಅದರ ಕಿರಣ ಇನ್ನೂರು ಮೀಟರಿನಲ್ಲೂ ಒಂದು ಮೀಟರಿಗಿಂತ ಅಗಲವಾಗುವುದಿಲ್ಲ, ಆದ್ದರಿಂದ ಒಂದೇ ಗಾಡಿಯನ್ನು ಆರಿಸಿಕೊಳ್ಳಬಹುದು. ಕೈ ಅಲುಗಿ ಕಿರಣ ಗಾಡಿಯ ಮೈಮೇಲೆ ಜಾರಿದರೆ ಮಾತ್ರ ಅಂಕಿ ಕೆಡಬಹುದು, ಅದಕ್ಕೇ ಮುಕ್ಕಾಲಿ.

ಅಕ್ಕಪಕ್ಕದಿಂದ ಓರೆಯಾಗಿ ಅಳೆದರೆ ವೇಗ ಹೆಚ್ಚು ತೋರಿಸುತ್ತದೆ ಎಂದು ಲಾರಿ ಡ್ರೈವರುಗಳು ನನ್ನ ಕಿಟಕಿಯಲ್ಲಿ ನಿಂತು ವಾದಿಸುತ್ತಾರೆ. ಸತ್ಯ ಅದಕ್ಕೆ ಉಲ್ಟಾ. ನಿಂತ ಜಾಗದಿಂದ ಓರೆಯಾಗಿ ಅಳೆದಷ್ಟೂ ವೇಗ ಕಡಿಮೆಯೇ ಕಾಣುತ್ತದೆ. 20 ಡಿಗ್ರಿ ಕೋನದಲ್ಲಿ 80ರ ಗಾಡಿ 75 ಎಂದು ತೋರುತ್ತದೆ. ಲಾಭ ಚಾಲಕನಿಗೆ.

ನಮ್ಮನ್ನು ಹಿಡಿದದ್ದು ಲೇಸರ್. ನೋಟಿಸಿನ ಫೋಟೊದಲ್ಲಿ ಅಕ್ಕಪಕ್ಕ ಬೇರೆ ಗಾಡಿಯಿಲ್ಲ. ನಂಬರ್ ಪ್ಲೇಟು ಸ್ಪಷ್ಟವಾಗಿದೆ, ದಿನಾಂಕ, ಹೊತ್ತು, ಜಾಗ, ವೇಗ, ಕಲಮು ಎಲ್ಲ ಇವೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಆಗಸ್ಟ್‌ನಲ್ಲಿ ಸೇರಿದ 167ಎ ನಿಯಮ ಇಷ್ಟನ್ನೂ ಕೇಳುತ್ತದೆ. ಘಟನೆಯಾದ 15 ದಿನಗಳೊಳಗೆ ನೋಟಿಸ್ ಕಳಿಸಬೇಕು ಎಂಬುದೂ ಅದರಲ್ಲಿದೆ, ಕಳಿಸಿದ್ದಾರೆ. ಇಲ್ಲಿಯ ತನಕ ದೂರಿಲ್ಲ.

ಅದೇ ನಿಯಮ ಇನ್ನೆರಡು ಮಾತು ಹೇಳುತ್ತದೆ. ಒಂದು, ಮುಂದೆ ವೇಗ ತಪಾಸಣೆ ಇದೆ ಎಂದು ಚಾಲಕನಿಗೆ ಕಾಣುವಂತೆ ಫಲಕ ಇರಬೇಕು. ಫಲಕ ಇತ್ತು, ಅದರ ಮುಕ್ಕಾಲು ಭಾಗದ ಮೇಲೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಇತ್ತು. ನಮ್ಮ ಸೀಮೆಯಲ್ಲಿ ನಗುಮುಖದ ನಾಯಕರ ಹಿಂದೆ ಏನೇನು ಅಡಗಿದೆಯೋ. ಎರಡು, ಯಂತ್ರಕ್ಕೆ ಅದು ಸರಿಯಾಗಿ ಅಳೆಯುತ್ತದೆ ಎಂಬ ಅನುಮೋದನೆಯ ಪ್ರಮಾಣಪತ್ರ ಇರಬೇಕು, ಅದನ್ನು ವರ್ಷವರ್ಷ ನವೀಕರಿಸಬೇಕು. ಸ್ಪೀಡ್ ಗನ್, ಸ್ಪೀಡ್ ಕ್ಯಾಮೆರಾಗಳಿರುವ ಆ ನಿಯಮದ ಪಟ್ಟಿಯಲ್ಲಿ ತೂಕದ ಯಂತ್ರವೂ ಇರುವುದನ್ನು ನೋಡಿ ನನಗೆ ಬಂಧು ಸಿಕ್ಕಷ್ಟು ಖುಷಿಯಾಯಿತು. ಇನ್ನೂ ಒಂದು ಹೆಜ್ಜೆ ಮುಂದೆ, 2025ರ ಏಪ್ರಿಲ್‌ನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಕಾನೂನು ಮಾಪನಶಾಸ್ತ್ರ ನಿಯಮಗಳಲ್ಲೇ ವಾಹನದ ವೇಗ ಅಳೆಯುವ ರಾಡಾರ್ ಉಪಕರಣಗಳಿಗೆ ಪ್ರತ್ಯೇಕ ಭಾಗ ಸೇರಿಸಿತು. 2025ರ ಜುಲೈ 1ರಿಂದ ಜಾರಿ. ಸತ್ಯಾಪನೆಯಾಗಿ ಮುದ್ರೆ ಬಿದ್ದ ಮೇಲೆಯೇ ಬಳಸಬೇಕು. ನನ್ನ ವೇ ಬ್ರಿಡ್ಜಿಗೆ ಮುದ್ರೆ ಒತ್ತುವ ಕಾನೂನೇ ಈಗ ಪೊಲೀಸರ ಯಂತ್ರಕ್ಕೂ! ನಿಯಮದ ಹೆಸರಿನಲ್ಲಿರುವುದು ರಾಡಾರ್, ನಮ್ಮನ್ನು ಹಿಡಿದದ್ದು ಲೇಸರ್ ಎಂದು ವಕೀಲರು ಎಳೆದಾಡಬಹುದು. ಅಲೆಯಿಂದ ಅಳೆದರೂ ಬೆಳಕಿನಿಂದ ಅಳೆದರೂ ದುಡ್ಡು ಹೋಗುವುದು ಅದೇ ಜೇಬಿನಿಂದ, ಮುದ್ರೆಯೂ ಒಂದೇ ಇರಲಿ ಎನ್ನುವುದು ನನ್ನ ನ್ಯಾಯ.

ನೋಟಿಸಿನಲ್ಲಿ ಯಂತ್ರದ ಸಂಖ್ಯೆಯೂ ಇಲ್ಲ, ಸತ್ಯಾಪನೆಯ ದಿನಾಂಕವೂ ಇಲ್ಲ. ಠಾಣೆಗೆ ಹೋದೆ. ಯಾವ ಠಾಣೆ ಎಂಬುದು ಬೇಡ. ಜನ ಒಳ್ಳೆಯವರು, ಕುರ್ಚಿ ಕೊಟ್ಟರು, ಚಹಾ ತರಿಸಿದರು. "ಯಜಮಾನರೇ, ಫೋಟೊ ಸರಿಯಿಲ್ಲವೇ?" ಎಂದು ಮುಖ್ಯಪೇದೆ ಕೇಳಿದರು. ಫೋಟೊ ಸರಿಯಿದೆ, ಯಂತ್ರದ ಪ್ರಮಾಣಪತ್ರ ನೋಡಬೇಕು ಎಂದೆ. ಅವರು ಪಕ್ಕದವರ ಮುಖ ನೋಡಿದರು. ಇಷ್ಟು ವರ್ಷಗಳಲ್ಲಿ ಅದನ್ನು ಕೇಳಿದವರೇ ಇಲ್ಲವಂತೆ. ಬಂದವರೆಲ್ಲ ಕೇಳುವುದು ದಂಡ ಕಡಿಮೆ ಮಾಡಿ ಎಂದಷ್ಟೇ. "ಕಾಗದಪತ್ರವೆಲ್ಲ ಮೇಲಿನ ಕಚೇರಿಯಲ್ಲಿರುತ್ತದೆ, ನಮ್ಮಲ್ಲಿ ಗನ್ ಮಾತ್ರ" ಎಂದರು. ಗನ್ ತೋರಿಸಿ ಎಂದೆ. ತೋರಿಸಿದರು ಕೂಡ, ಕಣ್ಣಿಟ್ಟು ನೋಡಿದರೆ ದೂರದ ಗೂಡಂಗಡಿಯ ಮೇಲೆ ಕೆಂಪು ಚುಕ್ಕಿ. ತಳದಲ್ಲಿ ಒಂದು ಚೀಟಿ ಅಂಟಿಸಿತ್ತು, ಬಿಸಿಲಿಗೆ ಅಕ್ಷರ ಅಳಿಸಿಹೋಗಿತ್ತು. ನನ್ನ ವೇ ಬ್ರಿಡ್ಜಿನಲ್ಲಿ ಹಾಗೆ ಅಳಿಸಿದ ಚೀಟಿ ಕಂಡರೆ ನಿರೀಕ್ಷಕರು ಯಂತ್ರವನ್ನೇ ನಿಲ್ಲಿಸುತ್ತಿದ್ದರು. ಎರಡು ನಕ್ಷತ್ರ ಕಡಿತವಾದದ್ದು ಈ ಚೀಟಿಗೆ ಒಂದು, ಆ ಫ್ಲೆಕ್ಸಿಗೆ ಒಂದು.

ನನ್ನ ತಂಗಿಯ ಮಗ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿದ್ದಾನೆ. ಫೋನಿನಲ್ಲಿ ಈ ಕಥೆ ಹೇಳಿದಾಗ, "ಮಾಮಾ, ಇಲ್ಲಿ ಊರಿನ ಪೊಲೀಸರ ಕೈಗೆ ರಾಡಾರ್ ಕೊಡುವುದಕ್ಕೇ ಜನ ದಶಕಗಳಿಂದ ಜಗಳವಾಡಿದ್ದಾರೆ" ಎಂದು ನಕ್ಕ. ಓದಿ ನೋಡಿದರೆ ನಿಜ. ಬೇರೆಲ್ಲ ರಾಜ್ಯಗಳಲ್ಲಿ ಸ್ಥಳೀಯ ಪೊಲೀಸರಿಗೆ ರಾಡಾರ್ ಇದ್ದರೂ ಅಲ್ಲಿ ಅದು ರಾಜ್ಯ ಪೊಲೀಸರಿಗೆ ಮಾತ್ರ ಎಂದು ಕಾನೂನು ಕಟ್ಟಿಹಾಕಿತ್ತು. ಊರಿನವರು ರಸ್ತೆಗೆ ಬಿಳಿ ಗೆರೆ ಎಳೆದು, ಆ ಗೆರೆಯಿಂದ ಈ ಗೆರೆಗೆ ಗಾಡಿ ಬರಲು ಹಿಡಿದ ಸಮಯವನ್ನು ಅಳೆಯಬೇಕಿತ್ತು. ಪಟ್ಟಣದವರು ಖಜಾನೆ ತುಂಬಿಸಿಕೊಳ್ಳಲು ಯಂತ್ರ ಹಿಡಿದು ಕೂರುತ್ತಾರೆ ಎಂಬ ಭಯ ಒಂದು ಕಡೆ, ಊರೊಳಗಿನ ಮಕ್ಕಳ ಜೀವದ ಪ್ರಶ್ನೆ ಇನ್ನೊಂದು ಕಡೆ. ಅಲ್ಲಿಯ ರಾಡಾರನ್ನು ವರ್ಷದೊಳಗೆ ಪರೀಕ್ಷೆ ಮಾಡಿಸಿರಲೇಬೇಕು. ಕ್ಯಾಲಿಫೋರ್ನಿಯಾದ ಕಾನೂನು ಇನ್ನೂ ಬಿಗಿ: ಬಹುತೇಕ ರಸ್ತೆಗಳಲ್ಲಿ ರಾಡಾರ್ ಬಳಸಬೇಕಾದರೆ, ಅಲ್ಲಿಯ ವೇಗದ ಮಿತಿಯನ್ನೇ ಎಂಜಿನಿಯರುಗಳು ಸಂಚಾರ ಸಮೀಕ್ಷೆ ಮಾಡಿ ಸಮರ್ಥಿಸಿರಬೇಕು, ಆ ಸಮೀಕ್ಷೆ ಹಳತಾಗಿರಬಾರದು. ಇದು ನಮಗೂ ಬೇಕು. ಕಾಮಗಾರಿ ಮುಗಿಸಿ ಹೋದ ಗುತ್ತಿಗೆದಾರ ಬಿಟ್ಟುಹೋದ 30ರ ಫಲಕಗಳು ನಮ್ಮ ರಸ್ತೆಗಳಲ್ಲಿ ಹುಣಸೆಮರಗಳ ನಡುವೆ ಇನ್ನೂ ನಿಂತಿವೆ. ಯಾವುದು ಕಾನೂನು, ಯಾವುದು ಗುಜರಿ ಎಂದು ಓಡಿಸುವವನಿಗೆ ತಿಳಿಯುವುದು ಹೇಗೆ?

ಹಣ ಕಟ್ಟುವ ಜಾಲತಾಣ ಚೆನ್ನಾಗಿದೆ, ಬೇಗ ಮುಗಿಯಿತು, ರಸೀದಿ ತಕ್ಷಣ ಬಂತು. ಒಂದೇ ಎಚ್ಚರಿಕೆ: ವಾಟ್ಸಾಪಿನಲ್ಲಿ ಚಲನ್ ಹೆಸರಿನ ಫೈಲ್ ಬಂದರೆ ಒತ್ತಬೇಡಿ, ಅದನ್ನು ಮೊಬೈಲಿಗೆ ಇಳಿಸಿಕೊಂಡು ಬ್ಯಾಂಕಿನ ಹಣ ಕಳೆದುಕೊಂಡವರಿದ್ದಾರೆ. ಸರ್ಕಾರದ ಪರಿವಾಹನ್ ತಾಣಕ್ಕೆ ನೀವೇ ಹೋಗಿ ವಾಹನದ ಸಂಖ್ಯೆ ಹಾಕಿ ನೋಡಿ.

ಕಟ್ಟಬೇಡಿ, ಕಾಯಿರಿ ಎಂದು ಬುದ್ಧಿ ಹೇಳಿದವರೂ ಇದ್ದರು. 2023ರ ಫೆಬ್ರುವರಿಯಲ್ಲಿ ಸರ್ಕಾರ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಿತು, 2025ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಮತ್ತೆ ಕೊಟ್ಟಿತು. ದಂಡಕ್ಕೂ ಆಷಾಢದ ಸೇಲ್! ನೋಟಿಸ್ ಬಂದ ವಾರದಲ್ಲೇ ಕಟ್ಟಿದವನಿಗೆ ಪೂರ್ತಿ, ವರ್ಷಗಟ್ಟಲೆ ಮಲಗಿಸಿಟ್ಟವನಿಗೆ ಅರ್ಧ. ಸಮಯಕ್ಕೆ ತೂಕದ ಹಣ ಕೊಡುವ ಗಿರಾಕಿಗಿಂತ ಉದ್ರಿ ಉಳಿಸಿಕೊಂಡವನಿಗೆ ನಾನು ಕಡಿಮೆ ದರ ಹಾಕಿದರೆ ನನ್ನ ವ್ಯಾಪಾರ ಎಷ್ಟು ದಿನ ನಡೆದೀತು?

ಹಣ ಕಟ್ಟಿದ್ದೇನೆ, ಹಾಗಾಗಿ ಈಗ ನಾನು ಕೇಳುತ್ತಿರುವುದು ದಂಡ ತಪ್ಪಿಸಿಕೊಳ್ಳಲು ಅಲ್ಲ. ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಮೂರು ಪ್ರಶ್ನೆ ಕಳಿಸಿದ್ದೇನೆ: ನೋಟಿಸಿನಲ್ಲಿರುವ ವೇಗ ಅಳೆದ ಯಂತ್ರದ ಸಂಖ್ಯೆ ಯಾವುದು, ಅದರ ಕೊನೆಯ ಸತ್ಯಾಪನೆ ಯಾವಾಗ ಆಯಿತು, ಪ್ರಮಾಣಪತ್ರದ ಪ್ರತಿ ಕೊಡಿ. ಉತ್ತರಕ್ಕೆ ಕಾನೂನು ಕೊಟ್ಟಿರುವ ಗಡುವು 30 ದಿನ. ಪ್ರಮಾಣಪತ್ರ ಚಾಲ್ತಿಯಲ್ಲಿದ್ದರೆ ಒಂದು ನಕ್ಷತ್ರ ಮರಳಿ ಕೊಡುತ್ತೇನೆ. ಇನ್ನೊಂದು, ಆ ಫ್ಲೆಕ್ಸ್ ಇಳಿಸಿದ ಮೇಲೆ.