ಹೂಮಳೆಯ ಲೆಕ್ಕಕ್ಕೆ ರಿಡ್ಜೋ, ಲ್ಯಾಸೋನೋ, ಲಿಯುವೋ?

ಮೂಡಿಗೆರೆ ಕಡೆಯ ಒಂದು ರೊಬಸ್ಟಾ ಕಾಫಿ ತೋಟದ ಮಳೆ ಪುಸ್ತಕ, ಫಸಲಿನ ಲೆಕ್ಕ ಎರಡನ್ನೂ ಇಟ್ಟುಕೊಂಡು ಮಳೆಯಿಂದ ಫಸಲು ಅಂದಾಜಿಸಲು ರಿಡ್ಜ್, ಲ್ಯಾಸೊ, ಲಿಯು ಮುಂತಾದ ಸಂಖ್ಯಾಶಾಸ್ತ್ರದ ವಿಧಾನಗಳನ್ನೆಲ್ಲ ಓಡಿಸಿ ನೋಡಿದೆ. ಹೂಮಳೆಯ (ಕಾಫಿ ಹೂ ಅರಳಿಸುವ ಮಳೆ) ಪ್ರಮಾಣ, ಮಳೆ ಬಿದ್ದ ದಿನಗಳ ಸಂಖ್ಯೆ (ಮಳೆದಿನ), ಬ್ಯಾಕಿಂಗ್ ಮಳೆ (ಹೂವಾದ ಮೇಲೆ ಬೀಳಬೇಕಾದ ಮಳೆ), ಏಪ್ರಿಲ್ ಉಷ್ಣಾಂಶ, ತೇವಾಂಶ ಎಲ್ಲವೂ ಒಂದಕ್ಕೊಂದು ಅಂಟಿಕೊಂಡವು, ಅಂದರೆ ಒಂದು ಬದಲಾದರೆ ಇನ್ನೊಂದೂ ಬದಲಾಗುತ್ತಿತ್ತು. ಈ ಅಂಟನ್ನು ಅಳೆಯುವ ವಿಐಎಫ್ 10 ದಾಟಿದರೆ ಎಚ್ಚರ ಎನ್ನುವುದು ವಾಡಿಕೆ. ಇಲ್ಲಿ ಮಳೆಯ ಕಾಲಂಗಳು ಸಲೀಸಾಗಿ ದಾಟಿದವು.

ದೋಷಗಳ ವರ್ಗಗಳ ಮೊತ್ತವನ್ನು ಕನಿಷ್ಠ ಮಾಡುವ ಮಾಮೂಲಿ ಕನಿಷ್ಠ ವರ್ಗ ವಿಧಾನ ಹೂಮಳೆಗೆ ಮೈನಸ್ ಗುಣಾಂಕ (ಫಸಲಿನ ಲೆಕ್ಕದಲ್ಲಿ ಅದಕ್ಕೆ ಸಿಗುವ ಭಾರ) ಕೊಟ್ಟಿತು. ಹೂಮಳೆ ಬಿದ್ದಷ್ಟೂ ಫಸಲು ಕಡಿಮೆ ಅಂತ ಯಾವ ಬೆಳೆಗಾರರ ಎದುರು ಹೇಳುವುದು? ಸೂತ್ರದ ಪ್ರಕಾರ ಅದು ಪಕ್ಷಪಾತವಿಲ್ಲದ, ಅಂದರೆ ಸರಾಸರಿಯಲ್ಲಿ ಸರಿಬರುವ ಅಂದಾಜೇ. ಆದರೆ ಒಂದು ವರ್ಷದ ಸಾಲು ತೆಗೆದರೆ ಚಿಹ್ನೆಯೇ ಬದಲಾಗುತ್ತಿತ್ತು.

ಗುಣಾಂಕಗಳನ್ನು ಸೊನ್ನೆಯ ಕಡೆಗೆ ಕುಗ್ಗಿಸುವ ರಿಡ್ಜ್‌ಗೆ ಬಂದಾಗ ಉಸಿರು ಬಿಟ್ಟೆ. ಎಷ್ಟು ಕುಗ್ಗಿಸಬೇಕು ಎನ್ನುವ ಸಂಖ್ಯೆಯೇ ಕೆ. 1970ರಲ್ಲಿ ಹೋರ್ಲ್ ಮತ್ತು ಕೆನ್ನಾರ್ಡ್ ತೋರಿಸಿದ್ದು ಇಷ್ಟು: ಸೊನ್ನೆಗಿಂತ ದೊಡ್ಡದಾದ ಯಾವುದೋ ಒಂದು ಕೆ ಇದ್ದೇ ಇರುತ್ತದೆ, ಅದರಲ್ಲಿ ಸರಾಸರಿ ವರ್ಗ ದೋಷ ಮಾಮೂಲಿ ವಿಧಾನಕ್ಕಿಂತ ಕಡಿಮೆ. ಆ ಕೆ ಯಾವುದು ಎನ್ನುವುದರಲ್ಲೇ ಇರುವುದು ತಲೆನೋವು. 1975ರ ಹೋರ್ಲ್–ಕೆನ್ನಾರ್ಡ್–ಬಾಲ್ಡ್ವಿನ್ ಸೂತ್ರದಲ್ಲಿ ಛೇದವೇ ಮಾಮೂಲಿ ಗುಣಾಂಕಗಳ ವರ್ಗಗಳ ಮೊತ್ತ. ಊದಿಕೊಂಡ ಆ ಗುಣಾಂಕಗಳಿಂದ ಛೇದ ದೊಡ್ಡದಾಗಿ, ಕೆ ತೀರಾ ಸಣ್ಣದಾಗಿ ಬರುತ್ತದೆ. ಹಾಗಾಗಿ ಒಂದೊಂದು ವರ್ಷ ಪಕ್ಕಕ್ಕಿಟ್ಟು ಪರೀಕ್ಷಿಸಿ ಕೆ ಆರಿಸಿದೆ. ಮಳೆ ಮತ್ತು ಮಳೆದಿನ ಎರಡಕ್ಕೂ ಪ್ಲಸ್ ಬಂತು, ಭಾರ ಹಂಚಿಕೊಂಡವು.

ಇನ್ನೊಂದು ಮಾತು. ನಮ್ಮ ತೋಟಗಳಲ್ಲಿ ಮಳೆ ಬರೆಯುವುದು ಇಂಚು, ಸೆಂಟ್ಸ್‌ನಲ್ಲಿ. ನೂರು ಸೆಂಟ್ಸ್ ಒಂದು ಇಂಚು. ಮಾಮೂಲಿ ವಿಧಾನಕ್ಕೆ ಯಾವುದು ಹಾಕಿದರೂ ಮುನ್ನಂದಾಜು ಒಂದೇ, ರಿಡ್ಜ್‌ಗೆ ಹಾಗಲ್ಲ. ಎಲ್ಲ ಕಾಲಂಗಳನ್ನೂ ಒಂದೇ ಅಳತೆಗೆ ತರದೆ ಓಡಿಸಿದರೆ ಉತ್ತರವೇ ಬೇರೆ.

ಕೆಲವು ಗುಣಾಂಕಗಳನ್ನು ಸೊನ್ನೆಯನ್ನೇ ಮಾಡಿಬಿಡುವ ಟಿಬ್ಶಿರಾನಿಯವರ ಲ್ಯಾಸೊ (1996) ಈ ಕೆಲಸಕ್ಕೆ ನನಗೆ ಹಿಡಿಸಲಿಲ್ಲ. ಒಮ್ಮೆ ಮಳೆಯನ್ನು ಉಳಿಸಿ ಮಳೆದಿನ ಕಿತ್ತೊಗೆಯುತ್ತದೆ, ಒಂದು ಸಾಲು ಬದಲಿಸಿದರೆ ಉಲ್ಟಾ. ಉಳಿದದ್ದೇ ನಿಜವಾದ ಕಾರಣ ಅಂತ ಓದುವವರು ನಂಬಿಬಿಡುತ್ತಾರೆ. ಕಾಲಂಗಳನ್ನು ಬೆರೆಸಿ ಕೆಲವೇ ಹೊಸ ಘಟಕ ಮಾಡಿಕೊಳ್ಳುವ ಪ್ರಧಾನ ಘಟಕಗಳ ದಾರಿಯೂ ಅಷ್ಟಕ್ಕಷ್ಟೇ: ಫಸಲನ್ನು ನೋಡದೆಯೇ ಘಟಕ ಕಟ್ಟುತ್ತದೆ.

ರಿಡ್ಜ್‌ಗೆ ನಿಜವಾದ ಪೈಪೋಟಿ ಕೊಟ್ಟದ್ದು 1993ರ ಲಿಯು ಅಂದಾಜು. ಅದರಲ್ಲಿ ನಾವು ಆರಿಸಬೇಕಾದ ಸಂಖ್ಯೆ ಡಿ. ಡಿ ಬದಲಾದಂತೆ ಅಂದಾಜು ಸರಳರೇಖೆಯಲ್ಲಿ ಬದಲಾಗುವುದರಿಂದ ಆರಿಸುವುದು ಸುಲಭ, ಡಿಗೆ 1 ಹಾಕಿದರೆ ಮಾಮೂಲಿ ಉತ್ತರವೇ ವಾಪಸ್. ಆದರೆ ಕೆಟ್ಟುಹೋದ ಆ ಮಾಮೂಲಿ ಅಂದಾಜಿನ ಒಂದು ಪಾಲನ್ನೇ ಒಳಗೆ ಸೇರಿಸಿಕೊಳ್ಳುತ್ತದೆ. ನಮ್ಮಂಥ ಗಟ್ಟಿ ಅಂಟಿನ ದತ್ತಾಂಶಕ್ಕೆ ಅದು ಅಪಾಯ. ಕೆ, ಡಿ ಎರಡೂ ಇರುವ 2003ರ ಲಿಯು ಮಾದರಿ ಸ್ವಲ್ಪ ಮೇಲು, ಆದರೆ ಇಷ್ಟು ಕಡಿಮೆ ಸಾಲುಗಳಿಗೆ ಎರಡು ತಿರುಪು ಹೆಚ್ಚಾಯಿತು.

ಸದ್ಯ ರಿಡ್ಜನ್ನೇ ಇಟ್ಟುಕೊಂಡಿದ್ದೇನೆ. ಅದರ ಗುಣಾಂಕಗಳ ಪಕ್ಕ ಪಿ-ಬೆಲೆ (ನಿಜವಾದ ಪ್ರಭಾವವೇ ಇಲ್ಲದಿದ್ದರೂ ಇಷ್ಟು ದೊಡ್ಡ ಗುಣಾಂಕ ಆಕಸ್ಮಿಕವಾಗಿ ಬರುವ ಸಾಧ್ಯತೆ) ಬರೆದುಕೊಡಿ ಎನ್ನುವವರಿದ್ದಾರೆ; ಅದನ್ನು ಲೆಕ್ಕ ಹಾಕುವ ಮಾಮೂಲಿ ಟಿ-ಪರೀಕ್ಷೆ ಇಲ್ಲಿ ಹೊಂದುವುದಿಲ್ಲ, ಹಾಗಾಗಿ ಕೊಡುವುದಿಲ್ಲ.