ಮಡಿಕೇರಿ ರಾಜಾಸೀಟ್: ನಾಲ್ಕು ಸ್ಟಾರ್, ಐದನೆಯದು ಮಂಟಪಕ್ಕಾಗಿ ಬಾಕಿ

ನಾನು ಮಡಿಕೇರಿಯವಳು. ಸನ್‌ಸೆಟ್ ಸೂಪರ್ ಅಂತ ಪ್ರವಾಸಿಗಳು ಬರೆದ ರಿವ್ಯೂ ಬೇಕಾದಷ್ಟಿವೆ, ಅದು ನಿಜವೂ ಹೌದು. ಊರಿನವರಿಗೆ ಈ ಪಾರ್ಕ್ ಹೇಗೆ ಅಂತ ಹೇಳೋಣ ಅನ್ನಿಸಿತು.

ವಾರದ ದಿನ ಬೆಳಿಗ್ಗೆ ಅಮ್ಮನ ಜೊತೆ ಹೋಗುತ್ತೇನೆ. ಆಗ ಇದು ನಮ್ಮ ಪಾರ್ಕ್. ವಾಕಿಂಗ್ ಬಂದವರ ಪರಿಚಯದ ಮುಖಗಳು, ಒದ್ದೆ ಹುಲ್ಲು, ಮಂಜು ಸರಿದ ಹಾಗೆ ಕೆಳಗೆ ರಿಬ್ಬನ್ನಿನಂತೆ ಕಾಣುವ ಮಂಗಳೂರು ರಸ್ತೆ. ಅಮ್ಮನಿಗೆ ಮಂಡಿ ನೋವು, ಮೆಟ್ಟಿಲು ಇಳಿಯಲು ಆಗುವುದಿಲ್ಲ. ಹಿಡಿದುಕೊಳ್ಳಲು ಗಟ್ಟಿ ಕಂಬಿ ಇನ್ನೂ ಜಾಸ್ತಿ ಕಡೆ ಬೇಕು. ಭಾನುವಾರ ಸಂಜೆ ಮಾತ್ರ ನಾವು ಆ ಕಡೆ ಹೋಗುವುದಿಲ್ಲ, ಕಾಲಿಡಲು ಜಾಗ ಇರುವುದಿಲ್ಲ.

ಇನ್ನು ಮಂಟಪ. ನಾಲ್ಕು ಕಂಬ, ಮೇಲೆ ಕಮಾನು, ಎಲ್ಲ ಇಟ್ಟಿಗೆ ಗಾರೆ ಕೆಲಸ. ಕೊಡಗನ್ನು ಆಳಿದ ಹಾಲೇರಿ ಅರಸರು ಸಂಜೆ ಹೊತ್ತು ಇಲ್ಲಿ ಕೂತು ಸೂರ್ಯ ಮುಳುಗುವುದನ್ನು ನೋಡುತ್ತಿದ್ದರಂತೆ. 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿದರು, ಅರಸೊತ್ತಿಗೆ ಮುಗಿಯಿತು, ಆದರೆ ಅರಸರ ಜಾಗದಲ್ಲಿ ಈಗ ನನ್ನ ಅಮ್ಮ ಕೂತು ಫ್ಲಾಸ್ಕಿನ ಕಾಫಿ ಕುಡಿಯುತ್ತಾರೆ, ಇದಕ್ಕಿಂತ ಏನು ಬೇಕು? ಅದಕ್ಕೇ ಅದರ ರಿಪೇರಿ ಬಗ್ಗೆ ನನಗೆ ಇಷ್ಟು ಕಾಳಜಿ. ಇಂಥ ಹಳೆ ಕಟ್ಟಡಕ್ಕೆ ಸುಣ್ಣದ ಗಾರೆಯೇ ಆಗಬೇಕು. ಅದು ಒಳಗೆ ಹೋದ ನೀರನ್ನು ಮತ್ತೆ ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ನೀರು ಒಳಗೇ ಉಳಿದು ಇಟ್ಟಿಗೆ ಪುಡಿಯಾಗುತ್ತಾ ಹೋಗುತ್ತದೆ, ಅದೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಒಣಗುವುದೇ ಅಪರೂಪವಾಗಿರುವ ನಮ್ಮ ಊರಿನಲ್ಲಿ. ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿಯನ್ನು ಹುಡುಕಿ ಕರೆಸಬೇಕು. ಖರ್ಚು ಬರುತ್ತದೆ, ಬರಲಿ.

ಹೊಸದಾಗಿ ಏನೇ ಕಟ್ಟುವ ಮೊದಲು 2018ರ ಆಗಸ್ಟ್ ನೆನಪಿರಲಿ. ಗುಡ್ಡ ಜಾರಿದ್ದನ್ನು ಕಣ್ಣಾರೆ ಕಂಡವರು ನಾವು. ಇಳಿಜಾರಿನಲ್ಲಿ ಕಾಂಕ್ರೀಟ್ ಹೆಚ್ಚಾದಷ್ಟೂ ಮಳೆನೀರು ಇಂಗದೆ ಒಂದೇ ಕಡೆ ನುಗ್ಗುತ್ತದೆ. ಅಲ್ಲಿ ಲಾವಂಚ ಹಾಕಲಿ, ಬೇರು ಆಳಕ್ಕೆ ಇಳಿದು ಮಣ್ಣು ಹಿಡಿಯುತ್ತದೆ. ನೇರಳೆ, ಸಂಪಿಗೆ ನೆಡಲಿ, ನಮ್ಮ ಮಕ್ಕಳಿಗೆ ನೆರಳಾಗುತ್ತದೆ.

ಮಕ್ಕಳಿದ್ದರೆ ಫಲಪುಷ್ಪ ಪ್ರದರ್ಶನದ ಸಮಯ ನೋಡಿ ಬನ್ನಿ. ಸಂಜೆಗಾದರೆ ಸ್ವೆಟರ್ ಇರಲಿ. ಕಂಬದ ಮೇಲೆ ಹೆಸರು ಗೀಚಬೇಡಿ, ದಯವಿಟ್ಟು. ಬೆಂಚಿನ ಮೇಲೆ ಬ್ಯಾಗ್ ಇಟ್ಟು ಜಾಗ ಹಿಡಿಯಬೇಡಿ, ಪಕ್ಕದಲ್ಲೇ ವಯಸ್ಸಾದವರು ನಿಂತಿರುತ್ತಾರೆ.