ಬಿಸಿನೀರು ಸುರಿದರೆ ಊಟ: ಫ್ರೀಜ್-ಡ್ರೈ ಪೌಚ್‌ಗಳು ಹೊರಲು ಯೋಗ್ಯವೇ?

ಚಾರಣಕ್ಕೆ ಊಟದ ಪೌಚ್ ಕೊಳ್ಳುವ ಮುನ್ನ ಅದನ್ನು ತಿರುಗಿಸಿ ಹಿಂಬದಿ ಓದಿ. ಒಟ್ಟು ಕ್ಯಾಲೊರಿಯನ್ನು ಗ್ರಾಂ ತೂಕದಿಂದ ಭಾಗಿಸಿದಾಗ 4 ಅಥವಾ ಹೆಚ್ಚು ಬಂದರೆ ಬೆನ್ನಿಗೆ ಹೇರಿಕೊಳ್ಳಬಹುದು. ಬಿಸಿ ಮಾಡಿ ತಿನ್ನುವ ರೆಡಿಮೇಡ್ ಪೊಟ್ಟಣಗಳಲ್ಲಿ ಈ ಲೆಕ್ಕ ಸಾಮಾನ್ಯವಾಗಿ 1ರಿಂದ 1.5ರ ಆಸುಪಾಸು, ಏಕೆಂದರೆ ಅವುಗಳಲ್ಲಿ ಬಹುಪಾಲು ನೀರೇ. ಒಂದು ರಾತ್ರಿಯ ಕ್ಯಾಂಪಿಗೆ ಅಡ್ಡಿಯಿಲ್ಲ. ಐದು ದಿನದ ನಡಿಗೆಗೆ ಖಂಡಿತ ಬೇಡ.

ಫ್ರೀಜ್-ಡ್ರೈ ವಿಧಾನದಲ್ಲಿ ಬೇಯಿಸಿದ ಅಡುಗೆಯನ್ನು ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿಟ್ಟು, ಮಂಜುಗಡ್ಡೆಯನ್ನು ನೇರವಾಗಿ ಆವಿಯಾಗಿಸುತ್ತಾರೆ. ತುಣುಕುಗಳು ಸುಕ್ಕಾಗದೆ ಸ್ಪಂಜಿನ ಹಾಗೆ ಉಳಿಯುವುದರಿಂದ 10 ನಿಮಿಷದಲ್ಲಿ ನೀರು ಹೀರುತ್ತವೆ. ಬಿಸಿಗಾಳಿಯಲ್ಲಿ ಒಣಗಿಸಿದವು ಅಗ್ಗ, ಆದರೆ 20 ನಿಮಿಷ ಬೇಡುತ್ತವೆ. ಕೆಲವನ್ನು ಕುದಿಸಲೇಬೇಕಾಗುತ್ತದೆ, ಆಗ ಉಳಿಸಿದ ತೂಕ ಗ್ಯಾಸಿನ ರೂಪದಲ್ಲಿ ಮರಳಿ ಚೀಲ ಸೇರುತ್ತದೆ.

ತಯಾರಿಯಲ್ಲಿ ಊಟ ಕೆಡುವುದು ಬಹುತೇಕ ನೀರಿನಿಂದ. ಮೊದಲು ಒಳಗಿರುವ ಆಮ್ಲಜನಕ ಹೀರುವ ಪುಟ್ಟ ಸ್ಯಾಶೆಯನ್ನು ಹೊರತೆಗೆಯಿರಿ. ಅದರಲ್ಲಿರುವುದು ಸಾಮಾನ್ಯವಾಗಿ ಕಬ್ಬಿಣದ ಪುಡಿ, ತಿನ್ನುವಂಥದ್ದಲ್ಲ. ಪೌಚ್ ಮೇಲೆ 350 ಮಿಲೀ ಎಂದಿದ್ದರೆ 300 ಮಾತ್ರ ಹಾಕಿ. ತೆಳುವಾದದ್ದನ್ನು ಮತ್ತೆ ಗಟ್ಟಿ ಮಾಡಲಾಗದು, ಗಟ್ಟಿಯಾದದ್ದಕ್ಕೆ ಆಮೇಲೆ ನೀರು ಸೇರಿಸಬಹುದು. ಉದ್ದ ಹಿಡಿಕೆಯ ಚಮಚದಿಂದ ತಳದ ಮೂಲೆಗಳನ್ನು ಕೆದಕಿ ಕಲಸಿ. ಒಣ ಪುಡಿ ಅಡಗುವುದು ಅಲ್ಲೇ. ಬಾಯಿ ಮುಚ್ಚಿ, ಜಾಕೆಟ್ಟಿನಲ್ಲಿ ಸುತ್ತಿಡಿ, ಐದು ನಿಮಿಷಕ್ಕೆ ಇನ್ನೊಮ್ಮೆ ಕಲಸಿ. 3,000 ಮೀಟರ್ ಎತ್ತರದಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತದೆ, ಆದ್ದರಿಂದ ಅಲ್ಲಿ ಇನ್ನೂ ಐದಾರು ನಿಮಿಷ ಕಾಯಬೇಕು. ಕಾಳು, ಮಾಂಸದ ತುಂಡು ನಡುವಿನಲ್ಲಿ ಗಟ್ಟಿ ಉಳಿದರೆ ಹೊಟ್ಟೆ ಕೆಡುವುದು ಖಚಿತವಲ್ಲದಿದ್ದರೂ ರಾತ್ರಿ ನೆಮ್ಮದಿಯಿರದು.

‘ಇಬ್ಬರಿಗೆ’ ಎಂಬ ಮುದ್ರಣವನ್ನು ನಂಬಬೇಡಿ. ದಿನವಿಡೀ ನಡೆದವರಿಗೆ ರಾತ್ರಿ 700ರಿಂದ 800 ಕ್ಯಾಲೊರಿ ಬೇಕು, ಅನೇಕ ಪೌಚ್‌ಗಳಲ್ಲಿ ಇರುವುದು 500ರಿಂದ 600. ಒಂದು ದೊಡ್ಡ ಚಮಚ ಆಲಿವ್ ಎಣ್ಣೆ ಕಲಸಿದರೆ ಸುಮಾರು 120 ಸೇರುತ್ತದೆ, ರುಚಿಯೂ ತುಂಬಿಕೊಳ್ಳುತ್ತದೆ. ಉಪ್ಪಿನ ಅಂಶವನ್ನೂ ನೋಡಿ: ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಹೇಳುವ ಸೋಡಿಯಂ ಮಿತಿ 2,000 ಮಿಲಿಗ್ರಾಂ, ಒಂದೇ ಪೌಚ್ ಅದರ ಅರ್ಧ ತಿಂದುಹಾಕಬಲ್ಲದು. ರಕ್ತದೊತ್ತಡ ಇರುವವರಿಗೆ ಇದು ಸಣ್ಣ ಮಾತಲ್ಲ.

ನಮ್ಮ ತೀರ್ಪು: ರಾತ್ರಿಯೂಟಕ್ಕೆ ಮಾತ್ರ ಇವನ್ನು ಕೊಳ್ಳಿ, ಅದೂ ಬಿಡಾರದ ಬಳಿ ನೀರು ಸಿಗುವ ದಾರಿಯಲ್ಲಿ. ನೀರನ್ನೂ ಹೊತ್ತೊಯ್ಯಬೇಕಾದ ಕಡೆ ಒಣಗಿಸಿದ ಊಟದಿಂದ ಲಾಭವೇ ಇಲ್ಲ. ಹಗಲಿಗೆ ಬಾದಾಮಿ, ಗೋಡಂಬಿ, ಪೀನಟ್ ಬಟರ್ ಸಾಕು. ಗ್ರಾಂಗೆ ಸುಮಾರು 6 ಕ್ಯಾಲೊರಿ, ಒಲೆ ಹಚ್ಚುವ ಕೆಲಸವಿಲ್ಲ.

ಹೊರಡುವ ಹಿಂದಿನ ದಿನ ಪ್ರತಿ ಪೌಚನ್ನೂ ಒತ್ತಿ ನೋಡಿ. ಗಾಳಿ ಸೋರಿದರೆ ಎಲ್ಲೋ ತೂತಿದೆ ಎಂದೇ ಅರ್ಥ, ತೇವ ಹೊಕ್ಕ ಅಂಥದ್ದನ್ನು ಬಿಟ್ಟು ಹೋಗಿ. ಚೂಪಾದ ಒಣ ಪಾಸ್ತಾ ಇರುವವು ಒಳಗಿನಿಂದಲೇ ತೂತಾಗುವುದುಂಟು, ಅವನ್ನು ಚೀಲದ ತಳಕ್ಕೆ ಹಾಕಬೇಡಿ.